ಹೋಯ್ತಾ ಸಾರ್, ಇನ್ನೂ ಇದೆಯಾ?

ಸೆಪ್ಟೆಂಬರಿನಿಂದ ಸಂಕ್ರಾಂತಿಯವರೆಗೆ ಬೆಂಗಳೂರಿನ ಪಕ್ಷಿವೀಕ್ಷಕರು ಎದುರಾದಾಗಲೆಲ್ಲ ಕೇಳಿಕೊಳ್ಳುವ ಪ್ರಶ್ನೆ "ಬಂತಾ?" ಎಂಬುದು. ಫೆಬ್ರವರಿ ಕಳೆದು ಟಬೆಬುಯಾ ಮರಗಳು ರಸ್ತೆ ತುಂಬ ಗುಲಾಬಿ ಹೂ ಚೆಲ್ಲುವ ಹೊತ್ತಿಗೆ ಅದೇ ಜನ, ಅದೇ ಟೋಪಿ, ಕೊರಳಲ್ಲಿ ಅದೇ ಬೈನಾಕ್ಯುಲರು, ಪ್ರಶ್ನೆ ಮಾತ್ರ "ಹೋಯ್ತಾ?" ಎಂದಾಗಿರುತ್ತದೆ. ಏನು ಹೋಯ್ತು, ಎಲ್ಲಿಗೆ ಹೋಯ್ತು ಎಂದು ಬಿಡಿಸಿ ಹೇಳುವ ಪದ್ಧತಿ ಈ ಬಳಗದಲ್ಲಿಲ್ಲ. "ನಿನ್ನೆ ಸಂಜೆ ತನಕ ಇತ್ತು, ಬೆಳಿಗ್ಗೆ ನೋಡಿದ್ರೆ ಇಲ್ಲ" ಎಂದು ಒಬ್ಬರು ನಿಟ್ಟುಸಿರಿಟ್ಟರೆ, ಪಕ್ಕದಲ್ಲಿ ವಾಕಿಂಗ್ ಹೊರಟವರು ಯಾರದೋ ಜೀವದ ಸುದ್ದಿ ಎಂದುಕೊಂಡು, ಚಪ್ಪಲಿಯ ಸದ್ದೂ ಆಗದಂತೆ ದಾಟಿ ಹೋಗುತ್ತಾರೆ.

ಇದಕ್ಕೆಲ್ಲ ಭೂಗೋಳ ಕಾರಣ. ಇಂಗ್ಲೆಂಡಿನಲ್ಲಿ ವಸಂತ ಎಂದರೆ ಹಕ್ಕಿಗಳು ಬರುವ ಕಾಲ. ವರ್ಷದ ಮೊದಲ ಕುಕ್ಕೂ ಕೂಗು ಕೇಳಿಸಿತೆಂದು 'ದಿ ಟೈಮ್ಸ್' ಪತ್ರಿಕೆಗೆ ಕಾಗದ ಬರೆಯುವ ದೊಡ್ಡ ಮನುಷ್ಯರ ಪರಂಪರೆಯೇ ಅಲ್ಲಿತ್ತು. ನಮ್ಮದು ತಿರುವುಮುರುವು. ಹಿಮಾಲಯದಿಂದ, ಮಧ್ಯ ಏಷ್ಯದಿಂದ, ಸೈಬೀರಿಯದಿಂದ ಚಳಿ ಕಳೆಯಲು ಬಂದ ಸಣ್ಣಪುಟ್ಟ ಹಕ್ಕಿಗಳೆಲ್ಲ ಯುಗಾದಿಯ ಆಸುಪಾಸಿನಲ್ಲಿ ಗಂಟುಮೂಟೆ ಕಟ್ಟುತ್ತವೆ. ಇಲ್ಲಿ ವಸಂತದ ಪಕ್ಷಿವೀಕ್ಷಣೆಯೆಂದರೆ ಅರ್ಧಕ್ಕರ್ಧ ಬೀಳ್ಕೊಡುಗೆ ಸಮಾರಂಭ. ಅದೂ, ಮುಖ್ಯ ಅತಿಥಿ ಯಾವಾಗ ಎದ್ದು ಹೋದರೆಂದು ಸಭೆಯಲ್ಲಿ ಒಬ್ಬರಿಗೂ ಗೊತ್ತಾಗದ ಸಮಾರಂಭ.

ಬಂದದ್ದನ್ನು ಬರೆದಿಡುವುದು ಸುಲಭ. ಮಳೆಗಾಲ ಮುಗಿಯುತ್ತಿದ್ದಂತೆ ಮೋರಿಯ ಪಕ್ಕದಲ್ಲಿ ಬೂದು ಕುಂಡೆಕುಸ್ಕವೊಂದು ಬಾಲ ಕುಣಿಸುತ್ತ ಕಂಡಿತು, ಆ ದಿನದ ತಾರೀಖು ಹಾಕಿದರಾಯಿತು. ಹೋದದ್ದನ್ನು ಹೇಗೆ ಬರೆಯುವುದು? ಇವತ್ತು ಕಂಡದ್ದೇ ಈ ವರ್ಷದ ಕೊನೆಯ ದರ್ಶನವೆಂದು ಹಕ್ಕಿ ಚೀಟಿ ಕೊಟ್ಟು ಹೋಗುವುದಿಲ್ಲ. ನಾಳೆ, ನಾಡಿದ್ದು, ಆಚೆ ನಾಡಿದ್ದು ಹೋಗಿ ಕಾಣದೆ ಬಂದಮೇಲೆ ಹಿಂದಿನ ಹಾಳೆ ತಿರುವಿ, ಅಲ್ಲಿದ್ದ ಒಂದು ಸಾಮಾನ್ಯ ದಿನಕ್ಕೆ 'ಕೊನೆಯ ದಿನ' ಎಂಬ ಪದವಿ ಕೊಡಬೇಕು. 2007ರಲ್ಲಿ ಬೆಂಗಳೂರಿನ ರಾಷ್ಟ್ರೀಯ ಜೈವಿಕ ವಿಜ್ಞಾನ ಕೇಂದ್ರದಿಂದ 'ಮೈಗ್ರಂಟ್‌ವಾಚ್' ಎಂಬ ಯೋಜನೆ ಶುರುವಾಗಿ, ವಲಸೆ ಹಕ್ಕಿಗಳ ಮೊದಲ ಮತ್ತು ಕೊನೆಯ ದರ್ಶನದ ದಿನಗಳನ್ನು ಕಳಿಸಿಕೊಡಿ ಎಂದು ಜನರನ್ನು ಕೇಳಿತು. ಮೊದಲ ದಿನ ಕಳಿಸುವುದಕ್ಕೆ ಕಣ್ಣಿದ್ದರೆ ಸಾಕು. ಕೊನೆಯ ದಿನಕ್ಕೆ ಕಣ್ಣಿನ ಜೊತೆ ಬ್ರಹ್ಮಚಾರಿಯ ಪುರುಸೊತ್ತೂ ಬೇಕು.

ಈ ಚರ್ಚೆಗಳಿಗೆ ಬೆಂಗಳೂರಿನಲ್ಲಿ ಹಳೆಯ ಕಟ್ಟೆಯೊಂದಿದೆ. ಡಾ. ಜೋಸೆಫ್ ಜಾರ್ಜ್ ಮತ್ತು ಗೆಳೆಯರು 1972ರಲ್ಲಿ ಕಟ್ಟಿದ ಬರ್ಡ್‌ವಾಚರ್ಸ್ ಫೀಲ್ಡ್ ಕ್ಲಬ್, ತಿಂಗಳ ಎರಡನೆಯ ಭಾನುವಾರ ಬೆಳಿಗ್ಗೆ ಲಾಲ್‌ಬಾಗಿನ ಗಾಜಿನ ಮನೆಯ ಹತ್ತಿರ ಸೇರುವುದನ್ನು ರೂಢಿ ಮಾಡಿತು. ಹೊಸಬರು, ಹಳಬರು, ಅಪ್ಪ ಎಳೆದುಕೊಂಡು ಬಂದ ಮಕ್ಕಳು, ಮಕ್ಕಳು ಎಳೆದುಕೊಂಡು ಬಂದ ಅಪ್ಪಂದಿರು, ಎಲ್ಲರೂ ಒಂದೇ ಮರದ ಕಡೆ ಕತ್ತೆತ್ತಿ ನಿಲ್ಲುತ್ತಾರೆ. ಆಮೇಲೆ ಹೋಟೆಲಿನಲ್ಲಿ ಇಡ್ಲಿ-ವಡೆ, ಬೈ-ಟು ಕಾಫಿ. ನಿಜವಾದ ಪಕ್ಷಿವೀಕ್ಷಣೆ ಆರಂಭವಾಗುವುದು ಇಲ್ಲಿಂದ ಎಂದರೂ ತಪ್ಪಲ್ಲ. ಮರದ ಮೇಲೆ ಎರಡು ಕ್ಷಣ ಕಂಡ ಹಕ್ಕಿಯನ್ನು ಮೇಜಿನ ಮೇಲೆ ಮುಕ್ಕಾಲು ಗಂಟೆ ನೋಡಬಹುದು.

"ಗ್ರೀನಿಶ್ ವಾರ್ಬ್ಲರ್ ಇವತ್ತೂ ಇತ್ತಲ್ಲ ಸಾರ್."

"ಗ್ರೀನಿಶ್ಶೇ ಅಂತ ಹೇಗೆ ಹೇಳ್ತೀರಿ? ರೆಕ್ಕೆಯ ಪಟ್ಟಿ ನೋಡಿದ್ರಾ?"

"ಪಟ್ಟಿ ಕಾಣಿಸಲಿಲ್ಲ."

"ಮತ್ತೆ?"

"ಸವೆದು ಹೋಗಿರುತ್ತೆ ಸಾರ್, ಈಗ."

ಇದು ಕುಂಟುನೆಪ ಅಲ್ಲ. ಎಂಟು ಗ್ರಾಂ ಆಜುಬಾಜಿನ ಈ ಉಲಿಯಕ್ಕಿಯ ರೆಕ್ಕೆಯ ಮೇಲೆ ಒಂದು ತೆಳ್ಳನೆಯ ಬಿಳಿ ಗೆರೆ ಇರುತ್ತದೆ. ಚಳಿಗಾಲವೆಲ್ಲ ಎಲೆಗಳ ಸಂದಿಯಲ್ಲಿ ನುಸುಳಾಡಿ ವಸಂತದ ಹೊತ್ತಿಗೆ ಅದು ತಿಕ್ಕಿ ಅಳಿಸಿಹೋಗಿರುವುದುಂಟು. ಅಂದರೆ ಮೊಕದ್ದಮೆ ವಿಚಾರಣೆಗೆ ಬರುವ ಹೊತ್ತಿಗೆ ಸಾಕ್ಷ್ಯ ನಾಶವಾಗಿರುತ್ತದೆ. ಸರಿ, ಕೂಗಿನಿಂದ ಗುರುತಿಸೋಣವೆಂದರೆ ಅಲ್ಲೂ ತಕರಾರು. ಬೇಲಿಯ ಬುಡದಲ್ಲಿ ಮುಖ ತೋರಿಸದೆ ಅಡ್ಡಾಡುವ ಬ್ಲೈತ್ಸ್ ರೀಡ್ ವಾರ್ಬ್ಲರ್ ತಿಂಗಳುಗಟ್ಟಲೆ 'ಚಕ್, ಚಕ್' ಎಂಬ ಒಂದೇ ಮಾತನ್ನು ಆಡಿಕೊಂಡಿರುತ್ತದೆ. ಹೊಸಬರು ಕಷ್ಟಪಟ್ಟು ಆ 'ಚಕ್' ಕಲಿತಿರುತ್ತಾರೆ. ಇನ್ನೇನು ಹೊರಡಬೇಕು ಎನ್ನುವಾಗ ಅದಕ್ಕೆ ಫಿನ್ಲೆಂಡಿನಿಂದ ಸೈಬೀರಿಯದವರೆಗೆ ಹರಡಿರುವ ತನ್ನ ಸಂಸಾರದ ನೆನಪಾಗಿ, ಅಲ್ಲಿ ಹಾಡಬೇಕಾದ ಹಾಡನ್ನು ಇಲ್ಲಿನ ಲಂಟಾನಾ ಪೊದೆಯಲ್ಲೇ ತಾಲೀಮು ಮಾಡತೊಡಗುತ್ತದೆ. ಬೇರೆ ಹಕ್ಕಿಗಳ ದನಿಗಳನ್ನು ಎರವಲು ತಂದು ಪೋಣಿಸಿದ ಹಾಡು ಅದು. ಹೊಸಬರು ಪೊದೆಯಲ್ಲಿ ನಾಲ್ಕು ಜಾತಿ ಇವೆಯೆಂದು ಬರೆದುಕೊಂಡು ಬರುತ್ತಾರೆ.

ಹೋಗುವವರದ್ದು ಈ ಕತೆಯಾದರೆ ಇಲ್ಲೇ ಇರುವವರು ಇನ್ನೊಂದು ಬಗೆಯಲ್ಲಿ ತಲೆ ಕೆಡಿಸುತ್ತಾರೆ. ಅವರಿಗಿದು ಮದುವೆಯ ಕಾಲ. ಏಪ್ರಿಲ್ ಬಂತೆಂದರೆ ಬೈನಾಕ್ಯುಲರ್ ಕೊಂಡು ಇನ್ನೂ ವರ್ಷ ತುಂಬದ ಹುಡುಗನೊಬ್ಬನ ಫೋನ್ ಬಂದೇ ಬರುತ್ತದೆ: "ಸಾರ್, ನಮ್ಮ ಕೆರೇಲಿ ಹೊಸ ಹಕ್ಕಿ! ಬೆನ್ನು ಪೂರ್ತಿ ಕಡುಗೆಂಪು, ತಲೆ ಹಿಂದೆ ಉದ್ದ ಗರಿ. ಯಾವ ಪುಸ್ತಕದಲ್ಲೂ ಸರಿಯಾಗಿ ಸಿಗ್ತಿಲ್ಲ." ಅದು ಅವನು ದಿನಾ ದಡದಲ್ಲಿ ಕಂಡು ಮೂಗು ಮುರಿಯುತ್ತಿದ್ದ ಕೊಳದ ಬಕ. ವರ್ಷದ ಬಹುಪಾಲು ಕೆಸರಿನ ಬಣ್ಣದಲ್ಲಿ ಕೆಸರಿನ ಮೇಲೆ ಕೂತು ಕಣ್ಣಿಗೇ ಬೀಳದ ಪ್ರಾಣಿ, ಸಂತಾನದ ಕಾಲಕ್ಕೆ ಮೆರೂನ್ ಶಾಲು ಹೊದ್ದುಬಿಡುತ್ತದೆ. ಹಿರಿಯರು ಇದನ್ನು ಹೇಳಿ ಫೋನ್ ಇಡಬಹುದಿತ್ತು. ಇಡುವುದಿಲ್ಲ. ದನಿ ತಗ್ಗಿಸಿ ಕೇಳುತ್ತಾರೆ: "ಒಂದ್ನಿಮಿಷ, ಕತ್ತೂ ಕೆಂಪಗಿತ್ತಾ?" ಏಕೆಂದರೆ ತಲೆ-ಕತ್ತು ಕೂಡ ಕೆಂಗಂದಾಗಿದ್ದರೆ ಅದು ಚೀನೀ ಕೊಳದ ಬಕ, ಈ ಕಡೆಗೆ ಅಪರೂಪದ ಅತಿಥಿ. ಹುಡುಗನಿಗೆ ಈಗ ಕತ್ತಿನ ಬಣ್ಣ ಮರೆತುಹೋಗಿರುತ್ತದೆ. ಮರುದಿನ ನಸುಕಿನಲ್ಲಿ ಆ ಕೆರೆಯ ದಂಡೆಯಲ್ಲಿ ಹತ್ತು ಜನ ನಿಂತಿರುತ್ತಾರೆ, ಎಲ್ಲರೂ "ಸುಮ್ನೆ ಈ ಕಡೆ ಬಂದಿದ್ದೆ" ಎನ್ನುತ್ತ.

ಗೋವಕ್ಕಿ ತಲೆಗೆ ಕಿತ್ತಳೆ ಬಣ್ಣ ಬಳಿದುಕೊಳ್ಳುತ್ತದೆ. ಚಳಿಗಾಲದಲ್ಲಿ ಹಳದಿ ಎದೆಗೆ ಕಪ್ಪು ಗೀಟೊಂದನ್ನು ಎಳೆದುಕೊಂಡಿದ್ದ ಊದಾ ಸೂರಕ್ಕಿಯ ಗಂಡು ಮಿರಿಮಿರಿ ನೀಲಿಗಪ್ಪಾಗುತ್ತದೆ. ನಡುವಿನ ಹಂತದಲ್ಲಿ ತೇಪೆ ಹಾಕಿದ ಅಂಗಿಯಲ್ಲಿ ಕಂಡು ಎರಡು ಪಂಗಡಗಳ ನಡುವೆ ವಾಗ್ವಾದ ಹುಟ್ಟಿಸುತ್ತದೆ. ಗುಲಾಬಿ ಕಬ್ಬಕ್ಕಿಯದು ಇನ್ನೂ ಸೊಗಸು. ಬೂರುಗ, ಮುತ್ತುಗದ ಹೂಗಳಿಗೆ ಹಿಂಡುಹಿಂಡಾಗಿ ಮುತ್ತಿ, ಮುಖಕ್ಕೆ ಪರಾಗ ಮೆತ್ತಿಕೊಂಡು ಜಗಳವಾಡುವ ಇವುಗಳ ಮೈಮೇಲಿನ ಗರಿತುದಿಗಳ ಮಂಕುಬಣ್ಣ ಸವೆದಷ್ಟೂ ಒಳಗಿನ ಗುಲಾಬಿ ಹೊರಬರುತ್ತದೆ. ಮಧ್ಯ ಏಷ್ಯದ ಬಯಲಿಗೆ ಹೊರಟು ನಿಲ್ಲುವ ಹೊತ್ತಿಗೆ ಪೂರ್ತಿ ಸಿಂಗಾರ. ಇಲ್ಲಿದ್ದಷ್ಟು ದಿನ ಹಳೇ ಬಟ್ಟೆ, ಹೊರಡುವ ದಿನ ರೇಷ್ಮೆ: ಇದನ್ನು ನಾವು ಅವಮಾನವೆಂದು ತಿಳಿಯಬೇಕೇ ಎಂಬುದು ಇನ್ನೂ ಇತ್ಯರ್ಥವಾಗಿಲ್ಲ.

ಕೋಗಿಲೆಯ ವಿಷಯದಲ್ಲಿ ಪಕ್ಷಿವೀಕ್ಷಕರಿಗೂ ಉಳಿದ ನಾಗರಿಕರಿಗೂ ಒಮ್ಮತವಿದೆ: ಬೆಳಗಿನ ಜಾವ ನಾಲ್ಕಕ್ಕೆ ಯಾರೂ ಕೂಗಬಾರದು. ಆದರೆ ಕೂಗುವುದು ಯಾರೆಂಬಲ್ಲಿ ಭೇದ. ಸಿನಿಮಾ ಹಾಡುಗಳು ಕೋಗಿಲೆಯನ್ನು ಹೆಣ್ಣು ಮಾಡಿ ಕೂರಿಸಿವೆ. ತಾರಕಕ್ಕೇರುವ ಆ 'ಕುಹೂ' ಕಪ್ಪು ಮೈಯ, ಕೆಂಪು ಕಣ್ಣಿನ ಗಂಡಿನದು. ಚುಕ್ಕೆಚುಕ್ಕೆಯ ಕಂದು ಹೆಣ್ಣು 'ಕಿಕ್-ಕಿಕ್-ಕಿಕ್' ಎಂದು ಕಿರುಚಿ ಹಾರಿಹೋಗುತ್ತದೆ, ಅದನ್ನು ಹಾಡೆಂದು ಕರೆಯಲು ಎಂಥ ಉದಾರಿಗೂ ಬಾಯಿ ಬರುವುದಿಲ್ಲ. ಕವಿಗಳಿಗೆ ಹಕ್ಕಿ ಗೊತ್ತಿಲ್ಲ ಎಂದು ಪಕ್ಷಿವೀಕ್ಷಕರು ಬೀಗುವುದುಂಟು. ಆಗ ಗುಂಪಿನಲ್ಲಿರುವ ನಿವೃತ್ತ ಸಂಸ್ಕೃತ ಮೇಷ್ಟ್ರು ಗಂಟಲು ಸರಿಮಾಡಿಕೊಂಡು, ಕಾಳಿದಾಸ ಕುಮಾರಸಂಭವದ ಮೂರನೆಯ ಸರ್ಗದಲ್ಲಿ ಹಾಡಿಸಿದ್ದು ಗಂಡು ಕೋಗಿಲೆಯನ್ನೇ ಎಂದು ನೆನಪಿಸುತ್ತಾರೆ. ಅಷ್ಟಕ್ಕೇ ನಿಲ್ಲಿಸಿದ್ದರೆ ಗೆದ್ದಿರುತ್ತಿದ್ದರು. ಮಾವಿನ ಚಿಗುರು ತಿಂದು ಅದರ ಗಂಟಲು ಹಾಗಾಯಿತೆಂಬುದನ್ನೂ ಸೇರಿಸುತ್ತಾರೆ. ಕೋಗಿಲೆಗೆ ಹೊಟ್ಟೆ ತುಂಬುವುದು ಅತ್ತಿ, ಆಲ, ಬಸರಿ ಹಣ್ಣಿನಿಂದ, ಚಿಗುರಿನಿಂದಲ್ಲ ಎಂದು ಸಸ್ಯಶಾಸ್ತ್ರದ ಮೇಡಂ ತಕ್ಷಣ ತಡೆಯುತ್ತಾರೆ. ಪಂದ್ಯ ಸಮವಾಗುತ್ತದೆ. ಈ ನಡುವೆ ಎದುರಿನ ಮರದಲ್ಲಿ ಗಂಡು ಕೋಗಿಲೆ ಕಾಗೆಗಳನ್ನು ಕೆಣಕಿ ಗೂಡಿನಿಂದ ದೂರ ಎಳೆದೊಯ್ದು, ಹೆಣ್ಣು ಹಿಂಬಾಗಿಲಿನಿಂದ ನುಗ್ಗಿ ಮೊಟ್ಟೆ ಇಟ್ಟು ಬಂದಿರುತ್ತದೆ. ಅದನ್ನು ಯಾರೂ ನೋಡಿರುವುದಿಲ್ಲ.

ಬೈಕಿನ ಕನ್ನಡಿಗೆ ಕಾಲುಚೀಲ ತೊಡಿಸಿದ್ದು ಕಂಡರೆ ಆ ಬೀದಿಯಲ್ಲಿ ಮಡಿವಾಳ ಹಕ್ಕಿಯೋ ಸೂರಕ್ಕಿಯೋ ಸಂಸಾರ ಹೂಡಿದೆ ಎಂದು ಖಚಿತ. ಗಡಿ ಕಾಯುವ ಗಂಡಿಗೆ ಕನ್ನಡಿಯೊಳಗೆ ತನ್ನಷ್ಟೇ ಸುಂದರನಾದ ಪ್ರತಿಸ್ಪರ್ಧಿ ಕಾಣುತ್ತಾನೆ, ಕುಕ್ಕಿದರೂ ಜಗ್ಗುವುದಿಲ್ಲ, ಓಡುವುದೂ ಇಲ್ಲ. ಪಕ್ಷಿವೀಕ್ಷಕರ ಮನೆಯಲ್ಲಂತೂ ಪರಿಸ್ಥಿತಿ ಇನ್ನೂ ಬಿಗಿ. ಬಾಲ್ಕನಿಯ ಬಟ್ಟೆ ತಂತಿಯ ತುದಿಗೆ ಸೂರಕ್ಕಿ ಜೇಡರಬಲೆ, ಒಣಹುಲ್ಲು, ತೊಗಟೆಯ ಚೂರು ಸೇರಿಸಿ ಗೂಡಿನ ಚೀಲ ನೇತುಹಾಕಿತೆಂದರೆ ಮರಿ ಹಾರುವ ತನಕ ಆ ಮನೆಯ ಬಟ್ಟೆ ಒಣಗುವುದು ಹಾಲ್‌ನಲ್ಲಿ, ಸೋಫಾದ ಮೇಲೆ.

ಕ್ಯಾಮೆರಾದವರದ್ದು ಪ್ರತ್ಯೇಕ ಪಂಗಡ. ಇವರಿಗೂ ಬೈನಾಕ್ಯುಲರಿನವರಿಗೂ ಮೇಲ್ನೋಟಕ್ಕೆ ಸ್ನೇಹ. ಬೈನಾಕ್ಯುಲರಿನವರು ಹಕ್ಕಿಗೆ ಹೆಸರು ಸಿಕ್ಕ ಕೂಡಲೇ ಮುಂದಿನ ಮರಕ್ಕೆ ಹೋಗುತ್ತಾರೆ; ಕ್ಯಾಮೆರಾದವರಿಗೆ ಕಣ್ಣಿನಲ್ಲಿ ಬೆಳಕಿನ ಚುಕ್ಕೆ ಬರಬೇಕು, ಬಾಯಲ್ಲಿ ಹುಳು ಇರಬೇಕು, ಹಿಂದೆ ವಿದ್ಯುತ್ ಕಂಬ ಇರಬಾರದು. ಇದಾವುದೂ ಕೂಡಿಬರದೆ ಮಸುಕಾಗಿ ಬಂದದ್ದಕ್ಕೆ 'ರೆಕಾರ್ಡ್ ಶಾಟ್' ಎಂಬ ಗೌರವದ ಹೆಸರಿದೆ. ಶ್ರೀರಂಗಪಟ್ಟಣದ ಬಳಿಯ ನಗುವನಹಳ್ಳಿಯಲ್ಲಿ ನೀಲಿಬಾಲದ ಕಳ್ಳಿಪೀರಗಳು ಬೇಸಿಗೆಯಲ್ಲಿ ಮಣ್ಣಿನ ದಿಬ್ಬದಲ್ಲಿ ಬಿಲ ತೋಡಿ ಮರಿ ಮಾಡುತ್ತವೆ. ಜೇನು, ಏರೋಪ್ಲೇನ್ ಚಿಟ್ಟೆ ಹಿಡಿದು ಗಾಳಿಯಲ್ಲಿ ಗಿರಕಿ ಹೊಡೆದು ಬರುವ ಅವುಗಳ ಮುಂದೆ ಉದ್ದುದ್ದ ಲೆನ್ಸುಗಳು ಸಾಲುಗಟ್ಟುತ್ತವೆ. ತೀರ ಹತ್ತಿರ ಹೋದರೆ ಹುಳು ಕಚ್ಚಿಕೊಂಡ ಹಕ್ಕಿ ಬಿಲಕ್ಕಿಳಿಯದೆ ತಂತಿಯ ಮೇಲೇ ಕೂತಿರುತ್ತದೆ, ಒಳಗೆ ಮರಿ ಹಸಿದಿರುತ್ತದೆ. "ಸ್ವಲ್ಪ ಹಿಂದೆ ಬನ್ನಿ ಸಾರ್" ಎಂದು ಯಾರಾದರೂ ಹೇಳಿದರೆ, "ನಾನು ಅವರಿಗಿಂತ ಹಿಂದೇನೇ ಇದೀನಲ್ಲ" ಎಂಬ ಉತ್ತರ ಬರುತ್ತದೆ. ಸಾಲಿನಲ್ಲಿ ಪ್ರತಿಯೊಬ್ಬರೂ ಇನ್ನೊಬ್ಬರಿಗಿಂತ ಹಿಂದೆಯೇ ಇರುತ್ತಾರೆ. ಈ ಜಗಳದಲ್ಲಿ ಮಾತ್ರ ನ್ಯಾಯ ಕಳ್ಳಿಪೀರದ ಕಡೆಗಿದೆ, ಎರಡು ಮಾತಿಲ್ಲ.

ದಾಂಡೇಲಿ ಕಡೆಯ ಗಣೇಶಗುಡಿಯಲ್ಲಿ ಇದಕ್ಕೊಂದು ಸಮಾಧಾನದ ದಾರಿ ಸಿಕ್ಕಿದೆ. ಕಾಡಿನಂಚಿನಲ್ಲಿ ಹಕ್ಕಿಗಳಿಗೆ ನೀರಿನ ತೊಟ್ಟಿಗಳನ್ನಿಟ್ಟಿದ್ದಾರೆ. ಬೇಸಿಗೆಯ ಸೆಕೆಗೆ ಕೆಂಪುಗೊರಳಿನ ಪಿಕಳಾರಗಳು, ನೊಣಹಿಡುಕಗಳು ತಾವಾಗಿಯೇ ಸ್ನಾನಕ್ಕೆ ಬರುತ್ತವೆ. ನೋಡುವವರು ಕುರ್ಚಿಯಲ್ಲಿ ಕೂತಿರುತ್ತಾರೆ. ಹಕ್ಕಿಗಾಗಿ ಬೆಟ್ಟ ಹತ್ತಿ, ಉಂಬಳ ಕಚ್ಚಿಸಿಕೊಂಡ ಹಳಬರಿಗೆ ಕಾಫಿ ಹೀರುತ್ತ ಹಕ್ಕಿ ನೋಡುವ ಈ ವ್ಯವಸ್ಥೆ ಒಪ್ಪಿಗೆಯಿಲ್ಲ. ಹೋಗುವುದನ್ನು ಮಾತ್ರ ಬಿಟ್ಟಿಲ್ಲ.

ಈಚೆಗೆ ಇನ್ನೊಬ್ಬ ಪಂಡಿತ ಬಂದಿದ್ದಾನೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಪಕ್ಷಿ ಪ್ರಯೋಗಾಲಯದವರು ಮಾಡಿದ ಮರ್ಲಿನ್ ಎಂಬ ಆ್ಯಪ್. ಮೊಬೈಲನ್ನು ಮರದ ಕಡೆ ಹಿಡಿದರೆ ಕೇಳಿಸಿದ ಕೂಗಿಗೆಲ್ಲ ಹೆಸರು ಹೇಳುತ್ತ ಹೋಗುತ್ತದೆ. ಮೂವತ್ತು ವರ್ಷ ಕಿವಿ ತೀಡಿಕೊಂಡವರಿಗೆ ಇದರಿಂದ ಆದ ಸಂಕಟ ವರ್ಣಿಸಲಸಾಧ್ಯ. ಮೊಬೈಲ್ ಸರಿ ಹೇಳಿದರೆ "ಅದು ಯಾರಿಗಾದ್ರೂ ಗೊತ್ತಾಗುತ್ತೆ ಬಿಡಿ" ಎನ್ನುತ್ತಾರೆ, ತಪ್ಪಿದರೆ ಆ ದಿನವೆಲ್ಲ ಗೆಲುವಾಗಿರುತ್ತಾರೆ. ಅವರ ಪಾಲಿನ ಆಪ್ತಮಿತ್ರ ಭೀಮರಾಜ. ಬಾಲದ ತುದಿಗೆ ಎರಡು ಕುಚ್ಚು ತೂಗಿಸಿಕೊಂಡು ಮಲೆನಾಡಿನ ಕಾಡಿನಲ್ಲಿ ಹಾರುವ ಈ ಕಾಜಾಣ ಅನುಕರಣೆಯಲ್ಲಿ ಅಸಾಧ್ಯ ನಿಪುಣ. ಗಿಡುಗನ ಕೂಗು, ಹರಟೆಮಲ್ಲನ ಗಲಾಟೆ, ಕುಟ್ರುವಿನ ರಾಗ ಎಲ್ಲವನ್ನೂ ಒಂದೇ ಕೊಂಬೆಯಲ್ಲಿ ಕೂತು ಸರದಿಯಂತೆ ಆಡಿ ತೋರಿಸುತ್ತದೆ. ಹುಡುಗರು ಮೊಬೈಲಿನಲ್ಲಿ ಮೂಡಿದ ಹೆಸರುಗಳ ಪಟ್ಟಿ ತೋರಿಸಿ ಕುಣಿದಾಡುವಾಗ ಹಿರಿಯರು ಏನೂ ಮಾತಾಡದೆ, ಕೊಂಬೆಯ ಮೇಲೆ ಒಂಟಿಯಾಗಿ ಕೂತ ಕರಿಯ ಹಕ್ಕಿಯ ಕಡೆ ಬೆರಳು ತೋರಿಸುತ್ತಾರೆ. ಇಂಥ ಒಂದು ಬೆಳಗಿಗಾಗಿ ಅವರು ಎಷ್ಟು ದೂರ ಬೇಕಾದರೂ ಪ್ರಯಾಣ ಮಾಡಬಲ್ಲರು.

ನಗರದವರು ಹೀಗೆ ತಾರೀಖಿಗೆ ಗುದ್ದಾಡುತ್ತಿರುವಾಗ ಹಳ್ಳಿಗಳಲ್ಲಿ ಲೆಕ್ಕ ಬೇರೆ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆಯ ಹೆಬ್ಬಾತುಗಳು ಸಾವಿರಗಟ್ಟಲೆ ಬಂದಿಳಿಯುತ್ತವೆ. ಹಿಮಾಲಯ ದಾಟುವಾಗ ಏಳು ಸಾವಿರ ಮೀಟರಿಗೂ ಮೇಲೆ ಹಾರಿದ್ದು ಯಂತ್ರ ಕಟ್ಟಿ ಕಳಿಸಿದವರಿಗೆ ಗೊತ್ತಾಗಿದೆ. ಮಂಗೋಲಿಯದಲ್ಲಿ ಕೊರಳಿಗೆ ಪಟ್ಟಿ ತೊಡಿಸಿದ ಬಾತುಗಳೂ ಕರ್ನಾಟಕದ ಕೆರೆಗಳಲ್ಲಿ ಕಂಡಿವೆ. 2024ರಲ್ಲಿ ಮಾಗಡಿ ಕೆರೆ ಅಂತರರಾಷ್ಟ್ರೀಯ ಮಹತ್ವದ ಜೌಗುನೆಲಗಳ ರಾಮ್ಸರ್ ಪಟ್ಟಿಗೆ ಸೇರಿತು. ಈ ಹೆಬ್ಬಾತುಗಳು ರಾತ್ರಿ ಸುತ್ತಲಿನ ಹೊಲಗಳಲ್ಲಿ ಮೇಯುವುದರಿಂದ ಯಾವಾಗ ಬಂದವು, ಯಾವಾಗ ಹೋದವು ಎಂಬುದನ್ನು ಬೆಳೆ ಬೆಳೆದವರು ಯಾವ ಪುಸ್ತಕವನ್ನೂ ನೋಡದೆ ಹೇಳಬಲ್ಲರು. ಪಕ್ಷಿವೀಕ್ಷಕರ ಟಿಪ್ಪಣಿಗಿಂತ ಆ ಸಾಕ್ಷ್ಯವೇ ಗಟ್ಟಿ ಎನ್ನಬೇಕು.

ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ವಸಂತ ಬೀಳ್ಕೊಡುಗೆಯ ಕಾಲವೇ ಅಲ್ಲ, ಬಾಣಂತನದ ಕಾಲ. ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಮನೆಗಳ ನಡುವಿನ ಹುಣಸೆ ಮರಗಳಲ್ಲೇ ಗೂಡು ಕಟ್ಟುತ್ತವೆ. ಹೆಣ್ಣುಮಗಳು ಹೆರಿಗೆಗೆ ತವರಿಗೆ ಬಂದ ಹಾಗೆ ಎಂದು ಊರವರು ಹೇಳುತ್ತಾರೆ. ಹಣ್ಣು ಉದುರಿಸಿದರೆ ಗೂಡು ಉದುರುತ್ತದೆಂದು ಹುಣಸೆ ಕೀಳದೆ ಬಿಟ್ಟ ಮರದೊಡೆಯರಿಗೆ ಅರಣ್ಯ ಇಲಾಖೆ ಪರಿಹಾರ ಕೊಡುತ್ತ ಬಂದಿದೆ. ಬೆಂಗಳೂರಿನಿಂದ ಹೋದವರು ಮರದ ಕೆಳಗೆ ನಿಂತು ಭಾವಪರವಶರಾಗಿ ಕತ್ತೆತ್ತುತ್ತಾರೆ. ಮೀನು ತಿಂದು ಮೇಲೆ ಕೂತವರು ಏನು ಮಾಡುತ್ತಾರೆ ಎಂಬುದು ಅವರಿಗೆ ಸ್ವಲ್ಪ ಹೊತ್ತಿನಲ್ಲೇ ತಿಳಿಯುತ್ತದೆ. ಅದು ಒಳ್ಳೆಯ ಗೊಬ್ಬರವೆಂದು ಊರವರು ಸಮಾಧಾನ ಹೇಳುತ್ತಾರೆ.

ಎಲ್ಲಕ್ಕಿಂತ ದೊಡ್ಡ ವ್ಯಾಜ್ಯ ಮಾತ್ರ ನವರಂಗದ್ದು. ಮೋಟು ಬಾಲದ, ಮೈಯಲ್ಲಿ ಇಲ್ಲದ ಬಣ್ಣವಿಲ್ಲದ ಈ ಹಕ್ಕಿ ಅಕ್ಟೋಬರಿನ ರಾತ್ರಿಗಳಲ್ಲಿ ದಣಿದು ಬಂದು ನಗರದ ಬಾಲ್ಕನಿಗಳಲ್ಲಿ, ಬಚ್ಚಲುಮನೆಗಳಲ್ಲಿ ಇಳಿಯುವುದುಂಟು. ಆಮೇಲೆ ಯಾವುದಾದರೂ ಬಿದಿರು ಮೆಳೆಯ ಬುಡ ಹಿಡಿದು ತರಗೆಲೆ ಒದರುತ್ತ ಚಳಿಗಾಲ ಕಳೆಯುತ್ತದೆ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಎರಡು ಸ್ವರದ ಸಿಳ್ಳೆ. ತಮಿಳರು ಇದಕ್ಕೆ ಆರು ಗಂಟೆಯ ಹಕ್ಕಿ ಎಂದೇ ಹೆಸರಿಟ್ಟಿದ್ದಾರೆ. ಏಪ್ರಿಲ್ ಕಳೆಯುವಷ್ಟರಲ್ಲಿ ಆ ಸಿಳ್ಳೆ ನಿಲ್ಲುತ್ತದೆ, ಬೆಂಗಳೂರಿನವರು ಲೆಕ್ಕ ಮುಗಿಸುತ್ತಾರೆ. ಮುಂಗಾರಿನ ಮೋಡ ಕವಿಯುವ ಹೊತ್ತಿಗೆ ಜೊಯಿಡಾ ಕಡೆಯ ಗೆಳೆಯರೊಬ್ಬರ ಫೋನ್.

"ನಮ್ಮಲ್ಲಿ ನವರಂಗ ಬೆಳಗಿಂದ ಒಂದೇ ಸಮ ಕೂಗ್ತಾ ಉಂಟು ಮಾರಾಯ್ರೆ."

"ಹೌದಾ? ಹಾಗಾದ್ರೆ ನಮ್ಮದು ಅಲ್ಲಿಗೆ ಬಂತು!"

"ನಿಮ್ಮದು ಅಂದ್ರೆ ಹೇಗೆ? ಗೂಡು ಕಟ್ಟಿ ಮರಿ ಮಾಡೋದೆಲ್ಲ ಇಲ್ಲಿ. ಚಳಿಗಾಲಕ್ಕೆ ನಿಮ್ಮ ಬದಿಗೆ ತಿರುಗಾಡಲಿಕ್ಕೆ ಬಂದಿರ್ತದೆ, ಅಷ್ಟೇ."

ಬೆಂಗಳೂರಿನವರಿಗೆ ಇದು ತಾಗುತ್ತದೆ. ಆರು ತಿಂಗಳು ತಮ್ಮ ಬಿದಿರ ಬುಡದಲ್ಲಿ ಎರೆಹುಳು ತಿಂದ ಹಕ್ಕಿ ಏಕಾಏಕಿ ಪರರ ಸ್ವತ್ತಾಗುವುದನ್ನು ಯಾರು ಸಹಿಸುತ್ತಾರೆ? ಕಾಲಿಗೆ ಉಂಗುರ ಹಾಕಿದವರಿಲ್ಲ, ಹಾಗಾಗಿ ಅದು ಇದೇ ಎಂದೂ ಅಲ್ಲವೆಂದೂ ಸಾಧಿಸುವಂತಿಲ್ಲ. ಸ್ವಲ್ಪ ಯೋಚಿಸಿ ಅವರು ಕೇಳುತ್ತಾರೆ:

"ಕಣ್ಣಾರೆ ನೋಡಿದ್ರಾ?"

"ಇಲ್ಲ, ಮಳೆಯಲ್ಲಿ ಎಲ್ಲಿ ಕಾಣ್ತದೆ? ಕೂಗು ಕೇಳಿದ್ದು."

"ಹಾಗಾದ್ರೆ ಮೊದಲು ಅದು ಭೀಮರಾಜ ಅಲ್ಲ ಅಂತ ಖಾತ್ರಿ ಮಾಡ್ಕೊಳ್ಳಿ. ಆಮೇಲೆ ಮಾತಾಡೋಣ."